ಹೆಸರು ಹಿಡಿಯದ ಹಾಡು

“ಸೀರೆ ಇನ್ನೊಂಚೂರು ಮೇಲೆ ಹಿಡಿಯೇ. ಗಂಡಸ್ರು ಅಲ್ಲೇ ನಿಂತವ್ರೆ” ಎಂದು ಓಣಿಯ ಹಿರಿಯಳು ಅಂತರಘಟ್ಟಮ್ಮ ಗದರಿದಳು.

ಸುಧಾ ಮರೆಗೆ ಹಿಡಿದಿದ್ದ ಹಳೆಯ ಸೀರೆಯನ್ನು ಹಣೆಯ ಮಟ್ಟಕ್ಕೆ ಎತ್ತಿದಳು. ಮರೆಯೊಳಗೆ ಅವಳ ಅತ್ತೆ ಗಾದ್ರಮ್ಮನನ್ನು ಹಲಗೆಯ ಮೇಲೆ ಮಲಗಿಸಿ ಹೆಂಗಸರು ಬಿಸಿನೀರು ಹುಯ್ಯುತ್ತಿದ್ದರು. ನಿನ್ನೆ ಸಂಜೆ ಕುರಿಗಳಿಗೆ ನೀರು ಕುಡಿಸಿ ಬಂದವಳು ಎದೆ ಹಿಡಿದುಕೊಂಡು ಕೂತಿದ್ದಳು. ಆಟೋ ಜಗಳೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಮಣ್ಣಿಗೆ ಹೋಗೋ ಮೈಮೇಲೆ ಏನೂ ಉಳೀಬಾರ್ದು. ಓಲೆ, ತಾಯಿತ, ಉಡಿದಾರ ಎಲ್ಲಾ ತೆಗೆದ್ರಾ?” ಎಂದು ಅಂತರಘಟ್ಟಮ್ಮ ಕೇಳಿದಳು.

“ತೆಗೆದ್ವಿ” ಎಂದಳು ಸುಧಾ.

ಒಂದು ಉಳಿದಿತ್ತು. ಅದು ಮೈಮೇಲಿರಲಿಲ್ಲ, ಒಳಗಿತ್ತು. ಜಾರಿದ ಗರ್ಭಕೋಶವನ್ನು ಮೇಲಕ್ಕೆ ತಡೆದು ನಿಲ್ಲಿಸಲು ಡಾಕ್ಟರು ಹಾಕಿದ್ದ ರಬ್ಬರಿನ ಬಳೆ. ಊರಲ್ಲಿ ಅದು ಗೊತ್ತಿದ್ದದ್ದು ಸುಧಾಳಿಗೆ ಮಾತ್ರ. ಹೆತ್ತ ಮಗ, ಸುಧಾಳ ಗಂಡ ತಿಮ್ಮೇಶನಿಗೂ ಗೊತ್ತಿರಲಿಲ್ಲ.

ಅತ್ತೆಗೆ ಹೊಸ ಸೀರೆ ಉಡಿಸಿ, ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸುವ ಹೊತ್ತಿಗೆ ಅರುಣಾ ಬಂದಳು. ಕೈಯಲ್ಲಿ ಸೇವಂತಿಗೆ ಹಾರವಿತ್ತು. ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು. ಗಾದ್ರಮ್ಮ ಸೇರಿಕೊಂಡಿದ್ದ ವೈದ್ಯಕೀಯ ಅಧ್ಯಯನದ ನರ್ಸು ಅವಳು. ಹಾರ ಹಾಕಿ ತಿರುಗುವಷ್ಟರಲ್ಲಿ ಗಾದ್ರಮ್ಮನ ಮೈದುನ ಜಂಪಣ್ಣ ಅಡ್ಡ ನಿಂತ.

“ನಮ್ಮತ್ತಿಗೆ ಮೇಲೆ ಪರೀಕ್ಷೆ ಮಾಡಿದ್ದು ನೀವೇ ಅಲ್ವೇನ್ರೀ? ಈಗ ನೋಡ್ರಿ, ಹೆಂಗೆ ಕುಂತವ್ಳೆ!”

“ಅವರು ಹೋಗಿದ್ದು ಹಾರ್ಟ್ ಅಟ್ಯಾಕ್‌ನಿಂದ ಅಂತ ಆಸ್ಪತ್ರೆಯೋರೇ ಹೇಳವ್ರೆ ರೀ. ನಮ್ಮ ಅಧ್ಯಯನಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ಮತ್ತೆ ಆಯಮ್ಮಂಗೆ ಏನಾಗಿತ್ತು?”

“ಅದನ್ನ ನಾನು ಹೇಳಂಗಿಲ್ಲ.”

“ಕೇಳಿದ್ರೇನ್ರಪ್ಪಾ?” ಜಂಪಣ್ಣ ಜನರ ಕಡೆ ತಿರುಗಿದ. “ಮನೆಯೋರಿಗೆ ಹೇಳಂಗಿಲ್ವಂತೆ. ಇಂಟರ್‌ನೆಟ್‌ನಾಗೆ ಲೋಕಕ್ಕೆಲ್ಲ ತೋರಿಸ್ತಾರಂತೆ! ಬೆಳಿಗ್ಗೆ ಫೋನ್‌ನಾಗೆ ನಮ್ಮ ತಿಮ್ಮೇಶಂಗೆ ಈಯಮ್ಮನೇ ಹೇಳವ್ಳೆ. ನಾಳೆ ಅತ್ತಿಗೆ ಫೋಟೋ ಎಲ್ಲರ ವಾಟ್ಸಾಪ್‌ಗೂ ಬರ್ತೈತೆ, ನೋಡ್ತಿರ್ರಿ.”

“ಫೋಟೋ ಇರಲ್ಲ. ಹೆಸರಿರಲ್ಲ, ಊರೂ ಇರಲ್ಲ. ಅವರು ಹೇಳಿಕೊಂಡ ತೊಂದ್ರೆ, ಅದಕ್ಕೆ ಏನು ಮಾಡಿದ್ರೆ ಎಷ್ಟು ಗುಣ ಆಯ್ತು ಅನ್ನೋದು, ಅಷ್ಟೇ. ಅವರೇ ಒಪ್ಪಿದ್ರು.” ಅರುಣಾ ತಿಮ್ಮೇಶನನ್ನು ನೋಡಿದಳು. “ಹಂಗಂತ ಬಲವಂತ ಇಲ್ಲ. ಮನೆಯೋರು ಬ್ಯಾಡ ಅಂದ್ರೆ ನಮ್ಮ ಡಾಕ್ಟ್ರಿಗೆ ಹೇಳ್ತೀನಿ, ಗಾದ್ರಮ್ಮನೋರದ್ದನ್ನ ಪೂರ್ತಿ ತೆಗೀತಾರೆ.”

ತಿಮ್ಮೇಶ ಹೆಂಡತಿಯ ಹತ್ತಿರ ಬಂದ. ಅತ್ತೂ ಅತ್ತೂ ಕಣ್ಣು ಬಾತಿದ್ದವು. “ನೀನೇ ಅಲ್ವಾ ಕರ್ಕೊಂಡು ಹೋಗ್ತಿದ್ದೋಳು? ಅವ್ವಂಗೆ ಏನಾಗಿತ್ತು ಹೇಳು.”

ಸುಧಾ ಅತ್ತೆಯ ಮುಖ ನೋಡಿದಳು. “ನಾನು ಹೇಳಲ್ಲ ಅಂತ ಅತ್ತೆಗೆ ಮಾತು ಕೊಟ್ಟೀನಿ.”

“ಹಂಗಾದ್ರೆ ತೆಗೆದುಬಿಡ್ರಿ ಮೇಡಂ. ಮಗನಿಗೇ ಗೊತ್ತಿಲ್ದಿದ್ದು ಲೋಕಕ್ಕೆ ಯಾಕೆ?”

“ಮಣ್ಣು ಮಾಡಿ ಬರ್ರಿ” ಎಂದಳು ಅರುಣಾ ಮೆಲ್ಲಗೆ. “ಆಮೇಲೂ ಇದೇ ಮಾತು ಅಂದ್ರೆ ಹಂಗೇ ಮಾಡಾನ.”

*

ಗಾದ್ರಮ್ಮ ಅಧ್ಯಯನಕ್ಕೆ ಸೇರಿದ ದಿನ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ಅತ್ತೆ, ಸೊಸೆ, ಅರುಣಾ ಮೂವರೇ ಇದ್ದರು. ಬಳೆಯಿಂದ ಹೆಚ್ಚು ಗುಣವೋ, ಬರೀ ವ್ಯಾಯಾಮವೇ ಸಾಕೋ ಎಂದು ತಿಳಿಯುವ ಅಧ್ಯಯನ ಅದು ಎಂದು ಅರುಣಾ ವಿವರಿಸಿದ್ದಳು. ಸೊಸೆ ಒತ್ತಾಯಿಸಿದ್ದಕ್ಕೆ ಬಂದಿದ್ದ ಗಾದ್ರಮ್ಮ ಏನು ಕೇಳಿದರೂ “ಎಲ್ಲಾ ಚೆನ್ನಾಗೈತೆ ಕಣಮ್ಮ” ಎಂದಷ್ಟೇ ಹೇಳುತ್ತಿದ್ದಳು.

ಆಗ ಅರುಣಾ ಕೊನೆಯ ಮಾತು ಹೇಳಿದಳು. “ಅಧ್ಯಯನ ಮುಗಿದ ಮೇಲೆ ಇದನ್ನೆಲ್ಲ ಬೇರೆ ಊರು, ಬೇರೆ ದೇಶದ ಡಾಕ್ಟ್ರೂ ಓದೋ ಹಂಗೆ ಇಡ್ತೀವಿ. ನಿಮ್ಮ ಹೆಸರು, ಊರು, ಗುರುತು ಸಿಗೋದು ಏನಿದ್ರೂ ತೆಗೀತೀವಿ.”

“ಹೆಸರು ತೆಗೆದ್ರೆ ಇನ್ನೇನು ಉಳೀತೈತೆ?”

“ನಿಮ್ಮ ನೋವು ಉಳೀತೈತೆ ಅಮ್ಮ.”

ಗಾದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರೆ ಬರ್ಕೊ. ಹೆಸರು ಉಳಿಸ್ಕೊಳ್ಳಾಕೇ ಅಲ್ವಾ ಇಷ್ಟು ದಿನ ನೋವು ನುಂಗಿದ್ದು.”

ಆಮೇಲೆ ಮಾತು ನಿಲ್ಲಲಿಲ್ಲ. ಬಾಣಂತನ ಮುಗಿಯುವ ಮೊದಲೇ ಮೆಕ್ಕೆಜೋಳದ ಮೂಟೆ ಹೊತ್ತದ್ದು, ಒಳಗಿನದು ಜಾರಿ ಕೈಗೆ ಸಿಕ್ಕಿದಾಗ ತನಗೇ ಶಾಪ ತಟ್ಟಿತೆಂದು ಹೆದರಿದ್ದು, ಬಸ್ಸಿನಲ್ಲಿ ಸೀಟು ಒದ್ದೆಯಾದೀತೆಂದು ನಿಂತೇ ಹೋಗುತ್ತಿದ್ದದ್ದು. ಸುಧಾ ಎದ್ದು ಕಿಟಕಿಯ ಬಳಿ ನಿಂತಳು. ಒಂದೇ ಸೂರಿನಡಿ ಬಾಳಿದ ಹೆಂಗಸನ್ನು ಅವಳು ಅಂದು ಮೊದಲ ಸಲ ಕಂಡಂತಿತ್ತು.

ಯಾರಿಗೆ ಬಳೆ, ಯಾರಿಗೆ ಬರೀ ವ್ಯಾಯಾಮ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು; ಗಾದ್ರಮ್ಮನ ಚೀಟಿಯಲ್ಲಿ ಬಳೆಯೇ ಬಂತು. ಅದನ್ನು ಹಾಕಿಸಿಕೊಂಡ ಗಾದ್ರಮ್ಮ ತಿರುಗಿ ಹೋಗುವಾಗ ಬಸ್ಸಿನ ಸೀಟಿನಲ್ಲಿ ಗಟ್ಟಿಯಾಗಿ ಕೂತಳು. “ಗಂಡ ಸತ್ತಾಗ ಕೈಬಳೆ ಒಡೆದ್ರು. ಇದನ್ನ ಒಡೆಯಾಕೆ ಯಾವೋನ ಕೈಲಾಗ್ತೈತೋ ನೋಡ್ತೀನಿ!” ಎಂದು ಸೊಸೆಯ ಕಿವಿಯಲ್ಲಿ ಹೇಳಿ, ಎಷ್ಟೋ ವರ್ಷಗಳಿಂದ ನಗದವಳ ಹಾಗೆ ನಕ್ಕಳು. ಕಂಡಕ್ಟರ್ ತಿರುಗಿ ನೋಡಿದ.

*

ಹೆಣ ಎತ್ತುವ ಮೊದಲು ಹಾಡಿಕೊಂಡು ಅಳಬೇಕು. ಸುತ್ತಲ ಹಳ್ಳಿಗಳಲ್ಲಿ ಯಾರೇ ಸತ್ತರೂ ಆ ಕೆಲಸಕ್ಕೆ ಗಾದ್ರಮ್ಮನೇ ಬೇಕಿತ್ತು. ಸತ್ತವರ ಹೆಸರು ಹಿಡಿದು, ಅವರ ಬದುಕನ್ನೆಲ್ಲ ಎಳೆಎಳೆಯಾಗಿ ಬಿಡಿಸಿ ಅಳುತ್ತಿದ್ದಳು. ಹಾಡುವವಳ ಬಾಯಿಗೆ ಯಾರೂ ಅಡ್ಡ ಬರಬಾರದು, ಗೌಡನಾದರೂ ಸರಿ. ಅದು ಊರಿನ ಕಟ್ಟು.

“ಹಾಡೋಳೇ ಹೋದ ಮೇಲೆ ಇನ್ಯಾರು ಹಾಡ್ತಾರೆ? ಎತ್ರಪ್ಪ, ಬಿಸಿಲೇರ್ತೈತೆ” ಎಂದ ಜಂಪಣ್ಣ.

ಸುಧಾ ಮುಂದೆ ಬಂದು ಅತ್ತೆಯ ಕಾಲ ಬಳಿ ಕೂತಳು. ಅವಳು ಎಂದೂ ಹಾಡಿದವಳಲ್ಲ. ಮೊದಲ ಸೊಲ್ಲು ಗಂಟಲಲ್ಲೇ ಒಡೆಯಿತು. ಮತ್ತೆ ಎತ್ತಿದಳು.

“ಯಾರ ಮಗಳೋ ಯವ್ವಾ, ಯಾವೂರ ಸೊಸೆಯೋ...
ಹೊತ್ತ ಕೊಡ ಇಳಿಸಿದ್ಲು, ಒಳಗಿನ ಭಾರ ಇಳಿಸ್ಲಿಲ್ಲ...”

“ಅತ್ತೆ ಹೆಸರು ಹಿಡಿಯೇ” ಎಂದು ಪಕ್ಕದ ಮನೆಯ ಲಕ್ಷ್ಮಮ್ಮ ಪಿಸುಗುಟ್ಟಿದಳು. “ಹೆಸರಿಲ್ದೆ ಯಾರಾದ್ರೂ ಹಾಡ್ತಾರಾ?”

ಸುಧಾ ಹೆಸರು ಹಿಡಿಯಲಿಲ್ಲ.

“ಕೆಮ್ಮಿದ್ರೆ ಒದ್ದೆ, ನಕ್ಕರೆ ಒದ್ದೆ, ನಗೋದನ್ನೇ ಬಿಟ್ಲಲ್ಲೋ...
ಮಗನ ಮದುವೇಲಿ ಬಾಗಿಲ ಸಂದೀಲಿ ನಿಂತ್ಲಲ್ಲೋ...
ಕುಂದ್ರಾಕೆ ಹೆದರಿದ್ಲು, ಹೇಳಾಕೆ ನಾಚಿದ್ಲು, ಯವ್ವಾ...”

ಅಳು ನಿಂತುಹೋಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು.

ಜಂಪಣ್ಣನಿಗೆ ತಡೆಯಲಾಗಲಿಲ್ಲ. “ಏನಮ್ಮಾ ಇದು, ಯಾರ ಕತೆ ಹಾಡ್ತಿದೀಯ? ಇದು ನಮ್ಮತ್ತಿಗೇದಾ?”

“ಬಾಯಿ ಮುಚ್ಚೋ ಜಂಪಣ್ಣ!” ಅಂತರಘಟ್ಟಮ್ಮ ಕೂತಲ್ಲಿಂದಲೇ ಅಂದಳು. “ಹಾಡೋಳಿಗೆ ಅಡ್ಡ ಬರ್ತೀಯಾ? ಇದು ನಿಮ್ಮತ್ತಿಗೇದಲ್ಲ. ನಂದು.”

ಜಂಪಣ್ಣ ಒಂದು ಹೆಜ್ಜೆ ಹಿಂದೆ ಸರಿದ.

“ನಂದೂ” ಎಂದಳು ಲಕ್ಷ್ಮಮ್ಮ, ತಲೆ ಎತ್ತದೆ.

ಹಿಂದಿನಿಂದ ಇನ್ನೊಂದು ದನಿ. ಅದರ ಹಿಂದೆ, ಜಂಪಣ್ಣನ ಸ್ವಂತ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟಳು. ಸುಧಾ ನಿಲ್ಲಿಸಲಿಲ್ಲ. ಈಗ ದನಿ ಒಡೆಯುತ್ತಿರಲಿಲ್ಲ.

ತಿಮ್ಮೇಶ ಕಂಬ ಹಿಡಿದು ನಿಂತಿದ್ದ. ಅವನ ಮದುವೆಯಲ್ಲಿ ಎಲ್ಲರೂ ಕೂತು ಉಣ್ಣುತ್ತಿದ್ದಾಗ ಅವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಬಾ ಕೂತ್ಕೋ ಎಂದು ಅವನೇ ರೇಗಿದ್ದ.

*

ಮಣ್ಣು ಮಾಡಿ ಬಂದು ಕಾಲು ತೊಳೆಯುವಾಗ ತಿಮ್ಮೇಶ ಅರುಣಾಳ ಹತ್ತಿರ ಹೋದ. ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ.

“ಮೇಡಂ, ಅದನ್ನ ತೆಗೀಬ್ಯಾಡ್ರಿ. ಅವ್ವ ಹೇಳಿದ್ದು ಹಂಗೇ ಇರ್ಲಿ. ಓದೋರು ಓದ್ಲಿ.”

ಅರುಣಾ ತಲೆಯಾಡಿಸಿದಳು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿದಳು. ಅಷ್ಟರಲ್ಲಿ ಅಂತರಘಟ್ಟಮ್ಮ ಅವಳ ಮುಂಗೈ ಹಿಡಿದಳು.

“ದೀಪ ನೋಡ್ದೆ ಹಂಗೇ ಹೋಗ್ತಾರೇನಮ್ಮ? ಬಾ ಒಳಗೆ.”

ಒಳಗೆ, ಗಾದ್ರಮ್ಮ ದಿನಾ ಮಲಗುತ್ತಿದ್ದ ಜಾಗದಲ್ಲಿ ಸುಧಾ ದೀಪ ಹಚ್ಚಿದ್ದಳು. ಅದನ್ನು ನೋಡಲು ಒಳಗೆ ಹೋದ ಹೆಂಗಸರು ಯಾರೂ ಹೊರಗೆ ಬರಲಿಲ್ಲ. ಯಾರೋ ಒಳಗಿನಿಂದ ಬಾಗಿಲು ಮುಂದೆ ಮಾಡಿದರು. ದೂರದಲ್ಲಿ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆದು ಹೋಯಿತು. ಜಂಪಣ್ಣ, ತಿಮ್ಮೇಶ, ಉಳಿದ ಗಂಡಸರು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಹೊಸ್ತಿಲ ಮುಂದೆ ಸವೆದ ಹವಾಯಿ ಚಪ್ಪಲಿಗಳ ರಾಶಿ. ಅದರ ಅಡಿಯಲ್ಲಿ ಅರುಣಾಳ ಕರಿಯ ಸ್ಯಾಂಡಲ್ಲಿನ ಪಟ್ಟಿಯಷ್ಟೇ ಕಾಣುತ್ತಿತ್ತು.