ಒಳಗಿನ ಅಂಚು

"ಬಿಡೇ ಅದನ್ನ! ಎಳೇ ಮಗೂನ ಅವುಚಿಕೊಂಡ ಹಾಗೆ ಕೂತಿದ್ದೀಯಲ್ಲ," ಎನ್ನುತ್ತ ಚೆಮ್ ಚೀಲದ ದಾರಕ್ಕೆ ಕೈ ಹಾಕಿದಳು.

ಲಮಾಯ್ ಬಿಡಲಿಲ್ಲ. ಗಂಡನ ಕೊಳಲು ಆ ಚೀಲದೊಳಗಿತ್ತು. ಗಂಡ ಸಂಗ್ವಾನ್ ಎದುರಿಗೆ, ವಿಹಾರದ ಮಂಟಪದಲ್ಲಿ, ಬಿಳಿಯ ಪೆಟ್ಟಿಗೆಯಲ್ಲಿ ಹೂವುಗಳ ನಡುವೆ ಮಲಗಿದ್ದ. ಪೆಟ್ಟಿಗೆಯ ಮುಂದಿಟ್ಟ ಫೋಟೊದಲ್ಲೂ ಅವನ ಕೊರಳಲ್ಲಿ ಅದೇ ಚೀಲ. ಉದ್ದಕ್ಕೆ ಹೊಲಿದ, ಬೆಲ್ಲದ ಒಲೆಯ ಹೊಗೆ ಕುಡಿದು ಕುಡಿದು ಕಂದಾದ ಬಟ್ಟೆಯ ಚೀಲ. ಮೊನ್ನೆ ಮಧ್ಯಾಹ್ನ ಊಟ ಮಾಡಿ ಜೋಲಿಯಲ್ಲಿ ಅಡ್ಡಾದಾಗಲೂ ಅದು ಎದೆಯ ಮೇಲೇ ಇತ್ತು. ಮೀನಿನ ಸಾರು ಇನ್ನಷ್ಟು ಖಾರ ಇರಬೇಕಿತ್ತು ಎಂದು ಹೇಳಿ ಮಲಗಿದವನು ಮತ್ತೆ ಏಳಲಿಲ್ಲ.

ಚೆಮ್ ಅವನ ಅಕ್ಕ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು, ಆ ಗಡಿಬಿಡಿಯಲ್ಲಿ ಮದುವೆಯನ್ನೇ ಮರೆತವಳು. ಬೆನ್ನು ಬಾಗಿತ್ತು, ಹಲ್ಲು ಹೋಗಿತ್ತು, ಬಾಯಿಯ ಜೋರು ಮಾತ್ರ ಹಾಗೇ ಇತ್ತು.

"ಮೇಷ್ಟ್ರು ಕಾಯ್ತಿದಾರೆ ಕಣೇ. ಕೊಳಲು, ಚೀಲ, ಎರಡನ್ನೂ ವಾದ್ಯಮೇಳದ ಗುರುಪೀಠದ ಮೇಲೆ ಇಡ್ತಾರಂತೆ. ನಮ್ಮಜ್ಜಿ ಶಾಲಿನ ಚೀಲ! ಇಡೀ ಮೇಳ ಅದಕ್ಕೆ ಅಡ್ಡಬೀಳುತ್ತೆ. ನಮ್ಮ ಮನೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು ಹೇಳು?"

ಅದು ಅಜ್ಜಿಯ ಶಾಲೂ ಅಲ್ಲ, ಅಮ್ಮನ ಹೊದಿಕೆಯೂ ಅಲ್ಲ. ಅದು ಲಮಾಯಳ ಪಾಸಿನ್. ಹೆಂಗಸರು ಸೊಂಟಕ್ಕೆ ಸುತ್ತುವ, ಹಿತ್ತಿಲಿನ ತಗ್ಗು ಹಗ್ಗದ ಮೇಲಷ್ಟೇ ಒಣಗಬೇಕಾದ, ಗಂಡಸಿನ ತಲೆಗೆ ತಾಗಿದರೆ ಅವನ ಪುಣ್ಯವೆಲ್ಲ ಮಣ್ಣುಪಾಲು ಎಂದು ಊರೇ ನಂಬಿದ ಪಾಸಿನ್. ಲೋಕದಲ್ಲಿ ಈ ಗುಟ್ಟು ಇಬ್ಬರಿಗೆ ಗೊತ್ತಿತ್ತು. ಈಗ ಒಬ್ಬಳಿಗೆ. ಹೇಳದೆ ಸುಮ್ಮನಿದ್ದರೆ ಗುರುಪೀಠಕ್ಕೆ ಅಪಚಾರ. ಹೇಳಿದರೆ ಪೆಟ್ಟಿಗೆಯಲ್ಲಿ ಮಲಗಿದವನ ಮಾನ, ಬೆಂಕಿ ಇಡುವ ಮೊದಲೇ, ಊರವರ ಬಾಯಿಗೆ. ಏನು ಮಾಡಲಿ ದೇವರೇ ಎಂದು ಅವಳು ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಪ್ರಾಸಿತ್ ಮೇಷ್ಟ್ರು ಬಂದು ಅವಳ ಮುಂದೆ ಮಂಡಿಯೂರಿ ಕೂತರು. ವಿಹಾರದ ವಾದ್ಯಮೇಳ ಅವರದು. ಸಂಗ್ವಾನನಿಗೆ ಆ ಕೊಳಲು ಕೊಟ್ಟವರು ಅವರ ತಂದೆ. ನುಡಿಸುವವನು ಹೋದ ಮೇಲೆ ಕೊಳಲು ಮೇಳಕ್ಕೆ ಮರಳಬೇಕು, ಅದರಲ್ಲಿ ಯಾರದೂ ತಕರಾರಿರಲಿಲ್ಲ.

"ಲಮಾಯಕ್ಕ, ನನ್ನ ಹೆಂಡತಿ ಜರಿ ಬಟ್ಟೇಲಿ ಹೊಸ ಚೀಲ ಹೊಲಿದಿದ್ದಾಳೆ," ಎಂದು ಮೇಷ್ಟ್ರು ನೇರಳೆ ಬಣ್ಣದ್ದೊಂದನ್ನು ತೆಗೆದರು. "ಆದ್ರೆ ಅದು ಬಿಡಿ. ಹಳೇದೇ ಇರಲಿ ಅಂತ ನನಗನ್ನಿಸ್ತು. ಆ ಚೀಲ ಇಲ್ಲದೆ ಸಂಗ್ವಾನಣ್ಣನ್ನ ನಾನು ನೋಡೇ ಇಲ್ಲವಲ್ಲ."

"ನಾನೂ ತಂದಿದೀನಿ," ಎಂದಳು ಮಗಳು ವಿಲೈ. ಬ್ಯಾಂಕಾಕಿನ ಅಂಗಡಿಯದು. ಕಪ್ಪು, ಒಳಗೆ ಸ್ಪಂಜು, ಉದ್ದಕ್ಕೂ ಜಿಪ್. "ಹೋದ ತಿಂಗಳೇ ತಗೊಂಡೆ. ಅಪ್ಪನಿಗೆ ಹುಟ್ಟುಹಬ್ಬಕ್ಕೆ ಕೊಡೋಣ ಅಂತ." ಜಿಪ್ ತೆರೆದು ಮುಚ್ಚಿ ಅವಳು ಕಣ್ಣೊರೆಸಿಕೊಂಡಳು.

ಚೆಮ್ ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಇದೇನೇ ಇದು, ಬಂದೂಕು ಇಡೋದಾ? ನಿಮ್ಮಪ್ಪ ಕೊಳಲು ಊದೋಕೆ ಹೋಗ್ತಿದ್ದನಾ, ಹಂದಿ ಬೇಟೆಗಾ?"

ಸಾವಿನ ಮನೆಯಲ್ಲಿ ನಗಬಾರದು ಎಂದುಕೊಂಡೇ ನಾಲ್ಕು ಜನ ನಕ್ಕರು. ವಿಲೈ ಕೂಡ ಅಳುತ್ತಲೇ ನಕ್ಕಳು. ಲಮಾಯ್ ಒಬ್ಬಳು ಫೋಟೊ ನೋಡುತ್ತ ಕೂತಿದ್ದಳು. ನೀವು ಆರಾಮಾಗಿ ಮಲಗಿಬಿಟ್ಟಿರಿ, ಎಲ್ಲ ನನ್ನ ತಲೆಗೆ ಕಟ್ಟಿ ಎಂದು ಅವಳಿಗೆ ಗಂಡನ ಮೇಲೆ ಸಿಟ್ಟೇ ಬಂತು.

*

ಆಗ ಲಮಾಯ್ ಹೊಸ ಸೊಸೆ. ಮೇಕ್ಲೋಂಗ್ ನದಿಯ ಮೇಲುಭಾಗದ ಕೂಬುವಾ ಊರಿನವಳು. ಅಲ್ಲಿ ಮನೆಗೊಂದು ಮಗ್ಗ. ಮದುವೆಗೆ ಅವಳ ತಾಯಿ ಒಂದು ಪಾಸಿನ್ ನೇಯ್ದು ಕೊಟ್ಟಿದ್ದಳು. ಮೇಲೆಲ್ಲ ಸಾದಾ ಬಟ್ಟೆ, ಕೆಳಗೆ ಒಂದು ಗೇಣು ಕೆಂಪು ಅಂಚು. ಆ ಅಂಚಿನಲ್ಲಿ ಸಾಲಾಗಿ ಹಕ್ಕಿಗಳು, ಒಂದೊಂದು ಹಕ್ಕಿಯನ್ನೂ ಬೆರಳಲ್ಲಿ ಎಳೆ ಎತ್ತಿ ಎತ್ತಿ ಕೂರಿಸಿದ್ದು.

ಸಮುದ್ರದ ಕಡೆಯ ಈ ತೆಂಗಿನ ತೋಟಕ್ಕೆ ಬಂದ ಹೊಸತರಲ್ಲಿ ಅವಳಿಗೆ ಯಾವ ಹಗ್ಗ ಯಾವುದಕ್ಕೆ ಎಂದು ತಿಳಿದಿರಲಿಲ್ಲ. ಒಗೆದ ಪಾಸಿನ್ನನ್ನು ಅಂಗಳದ ಎತ್ತರದ ಹಗ್ಗಕ್ಕೆ ಹಾಕಿಬಿಟ್ಟಳು. ಗಂಡಸರು ಕಾಲುವೆಯ ದೋಣಿ ಇಳಿದು ಬರುವ ದಾರಿ ಅದು.

"ಅಯ್ಯಯ್ಯೋ! ಬರೋ ಗಂಡಸರೆಲ್ಲ ಇದರಡಿ ತಲೆ ತೂರಿಸ್ಕೊಂಡು ಬರಬೇಕಾ?" ಚೆಮ್ ಒಲೆಯ ಹತ್ತಿರದಿಂದ ಓಡಿ ಬಂದಳು. "ನಿಮ್ಮ ಕಡೆಯೋರಿಗೆ ಕೆಳಗು ಮೇಲು ಅನ್ನೋದೇ ಇಲ್ವಾ?"

"ತೆಗೀತೀನಿ ಅತ್ತಿಗೆ, ತೆಗೀತೀನಿ. ಎಳೀಬೇಡಿ, ಹರಿಯುತ್ತೆ ಅತ್ತಿಗೆ!"

ಚೆಮ್ ಎಳೆದಳು. ಬಟ್ಟೆ ಅಂಚಿನ ಬಳಿ ಪರ್ರೆಂದು ಹರಿಯಿತು. ಅದನ್ನವಳು ಕೆಸರಿಗೆ ಎಸೆದು ಕೈ ತೊಳೆದುಕೊಳ್ಳಲು ಹೋದಳು. ಲಮಾಯ್ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸಂಗ್ವಾನ್ ಆಗ ಮರದ ಮೇಲಿದ್ದ. ನೀರಾ ಇಳಿಸುವುದು ಅವನ ಕಸುಬು, ಬೆಳಗ್ಗೆ ಸಂಜೆ ಮರ ಹತ್ತಲೇಬೇಕು. ಮೇಲಿನಿಂದ ಎಲ್ಲ ಕಂಡಿತ್ತು, ಕೇಳಿತ್ತು. ಇಳಿದು ಬಂದವನು ಕೆಸರಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಹೋಗಿ ತೋಟದ ಆಚೆ, ಯಾರೂ ಇಲ್ಲದ ಕಡೆ, ಕಾಲುವೆಯಲ್ಲಿ ತಾನೇ ಒಗೆದ. ಗಂಡಸು ಹೆಂಗಸಿನ ಪಾಸಿನ್ ಒಗೆಯುವುದೆಂದರೆ! ಅದನ್ನು ದೂರದಿಂದ ನೋಡಿದ ಲಮಾಯಳಿಗೆ ತನ್ನ ಅಳುವೇ ಮರೆತುಹೋಯಿತು.

ಆ ವಾರವೇ ಹಿರಿಯ ಮೇಷ್ಟ್ರು, ಪ್ರಾಸಿತರ ತಂದೆ, ಅವನಿಗೆ ಕೊಳಲು ಕೊಟ್ಟು, "ಒಳ್ಳೇದೊಂದು ಚೀಲ ಮಾಡಿಸ್ಕೋ," ಎಂದಿದ್ದರು. ಚೆಮ್ ಪೆಟ್ಟಿಗೆ ಬರಿದುಮಾಡಿ ತಮ್ಮನ ಮುಂದೆ ತುಂಡು ಬಟ್ಟೆಗಳನ್ನು ಹರವಿದಳು. ಇದು ದಪ್ಪ ಎಂದ. ಇದು ಜಾರುತ್ತೆ ಎಂದ. ಇದರ ಬಣ್ಣ ಬಿಡುತ್ತೆ ಎಂದ. "ನಿನಗೆ ದೇವಲೋಕದಿಂದ ತರಿಸಬೇಕೇನೋ!" ಎಂದು ಚೆಮ್ ರೇಗಿದಳು. ಅವನು ಆಯಿತು ನೋಡೋಣ ಎಂದು ಎದ್ದ.

ಬೆಲ್ಲದ ಒಲೆಯ ಹಿಂದೆ ಅವನು ಹರಿದ ಪಾಸಿನ್ನನ್ನು ಹೆಂಡತಿಯ ಮಡಿಲಿಗೆ ಹಾಕಿದ.

"ಇದರಲ್ಲಿ ಹೊಲಿ."

"ತಲೆ ಕೆಟ್ಟಿದೆಯಾ ನಿಮಗೆ? ತುಟಿಗೆ ಇಡೋ ಕೊಳಲು! ಗುರುಗಳು ಕೊಟ್ಟಿದ್ದು! ಸಿಡಿಲು ಬಡಿಯುತ್ತೆ."

"ಯುದ್ಧಕ್ಕೆ ಹೋಗೋರು ತಾಯಿ ಪಾಸಿನ್ ಅಂಚು ಕತ್ತರಿಸಿ ಕೊರಳಿಗೆ ಕಟ್ಕೊಳಲ್ವಾ? ಅವರಿಗೇನು ಸಿಡಿಲು ಬಡಿಯುತ್ತಾ?"

"ಅದು ತಾಯೀದು."

"ನನಗೆ ತಾಯಿ ಇಲ್ಲ. ನೀನಿದ್ದೀಯ. ದಿನಾ ಮರ ಹತ್ತೋನು ನಾನು, ಕಾಯೋಕೆ ಯಾರದ್ದಾದ್ರೂ ಒಂದು ಬೇಡವಾ?"

"ನಿಮ್ಮಕ್ಕ ನೋಡಿದ್ರೆ?"

ಅವನು ಸೌಟಿನಿಂದ ಕೊಪ್ಪರಿಗೆಯ ನೊರೆ ತೆಗೆದು ಚೆಲ್ಲಿದ. "ಅಕ್ಕನಿಗೆ ಎದುರಾಡೋಕೆ ನನ್ನ ಕೈಲಿ ಆಗಲ್ಲ ಲಮಾಯ್. ಅವಳಿಲ್ದಿದ್ರೆ ನಾನೆಲ್ಲಿರ್ತಿದ್ದೆ? ಆದ್ರೆ ಅವಳು ನೆಲಕ್ಕೆ ಎಸೆದಿದ್ದನ್ನ ನಾನು ಕೊರಳಿಗೆ ಹಾಕ್ಕೋತೀನಿ. ಅದು ನಿನಗೆ ಗೊತ್ತಿದ್ರೆ ಸಾಕು."

ಅವಳು ಹರಿದದ್ದನ್ನು ಹಳದಿ ದಾರದಲ್ಲಿ ತೇಪೆ ಹಾಕಿ, ಕೆಂಪು ಅಂಚು ಒಳಗೆ ಬರುವ ಹಾಗೆ ಹೊಲಿದಳು. ಹೊರಗೆ ಕಾಣುವುದು ಸಾದಾ ಬಟ್ಟೆ. ಎಲ್ಲಿ ಸಿಕ್ಕಿತೋ ಎಂದು ಚೆಮ್ ಕೇಳಿದಾಗ ಸಂಗ್ವಾನ್ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಅಜ್ಜಿ ಶಾಲು ಅಟ್ಟದಲ್ಲಿ ಸಿಕ್ತು." ಚೆಮ್ ಕಣ್ಣಿಗೊತ್ತಿಕೊಂಡಳು. ಆಮೇಲೆ ಕಂಡಕಂಡವರಿಗೆಲ್ಲ ಹೇಳುತ್ತ ಬಂದಳು. ನಿಜ ಹೇಳುವ ಹೊತ್ತು ಅಲ್ಲಿಗೆ ಮೀರಿತು.

ಅಂದಿನಿಂದ ಚೀಲ ಅವನ ಕೊರಳು ಬಿಡಲಿಲ್ಲ. ಮರದ ತುದಿಯಲ್ಲಿ ಹೊಂಬಾಳೆ ಕೆತ್ತಿ, ಕೊಳವೆ ಕಟ್ಟಿ, ಇಳಿಯುವ ಮೊದಲು ಒಂದು ಚೂರು ನುಡಿಸುತ್ತಿದ್ದ. ಕೆಳಗೆ ಒಲೆಯ ಮುಂದೆ ಕೂತವಳಿಗೆ ಅವನು ಯಾವ ಮರದಲ್ಲಿದ್ದಾನೆ ಎಂದು ತಿಳಿಯುತ್ತಿತ್ತು. ಮದುವೆ, ಗೃಹಪ್ರವೇಶ, ಊರವರ ಸಾವು, ಎಲ್ಲದಕ್ಕೂ ಮೇಳದ ಕೊನೆಯ ಸಾಲಲ್ಲಿ ಕೂತು ನುಡಿಸಿದ. ಹೆಸರೇನೂ ಬರಲಿಲ್ಲ. ಹೆಸರು ಬರಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ. ಅವನ ಜೊತೆಯವರು ಒಬ್ಬೊಬ್ಬರಾಗಿ ಮರದಿಂದ ಬಿದ್ದು ಕೈಯೋ ಕಾಲೋ ಕಳೆದುಕೊಂಡರು, ಅವನು ಒಂದು ಸಲವೂ ಬೀಳಲಿಲ್ಲ. "ನೋಡಿದ್ಯಾ?" ಎಂದು ಮುದಿವಯಸ್ಸಿನಲ್ಲೂ ಚೀಲ ತಟ್ಟಿ ಹೆಂಡತಿಗೆ ಕಣ್ಣು ಹೊಡೆಯುತ್ತಿದ್ದ.

*

"ಗುರುವಂದನೆ ದಿನ ಅಣ್ಣ ಏನು ಮಾಡ್ತಿದ್ದ ಗೊತ್ತಾ ಲಮಾಯಕ್ಕ?" ಮೇಷ್ಟ್ರು ಹೇಳುತ್ತಿದ್ದರು. "ಎಲ್ರೂ ವಾದ್ಯಾನ ಚೀಲ, ಪೆಟ್ಟಿಗೆ ಸಮೇತ ಪೀಠಕ್ಕೆ ಇಡೋರು. ಇವನು ಮಾತ್ರ ಕೊಳಲು ತೆಗೆದು ಇಟ್ಟು, ಚೀಲ ಕೊರಳಲ್ಲೇ ಇಟ್ಕೊಳೋನು. ಅದನ್ನೂ ಇಡಣ್ಣ ಅಂದ್ರೆ, ಇದರ ಜಾಗ ಅದಲ್ಲ, ಇದು ಅಂತ ಎದೆ ತಟ್ಕೊಳೋನು. ಅಷ್ಟೊಂದು ಸಂಕೋಚದ ಮನುಷ್ಯ. ಇವತ್ತಾದ್ರೂ ಅದಕ್ಕೆ ಪೀಠದ ಭಾಗ್ಯ ಸಿಗಲಿ."

ಲಮಾಯ್ ತಲೆಯೆತ್ತಿದಳು. ಆ ದಿನಗಳಲ್ಲಿ ಅವಳು ಅಡಿಗೆಮನೆಯಲ್ಲಿ ಹೆಂಗಸರ ಜೊತೆ ತೆಂಗಿನಕಾಯಿ ತುರಿಯುತ್ತ, ಚೀಲವೂ ಪೀಠಕ್ಕೆ ಹೋಯಿತೇನೋ ಎಂದು ಹೆದರುತ್ತ ಇರುತ್ತಿದ್ದಳು. ಅವನು ಚೀಲವನ್ನು ಒಂದು ಸಲವೂ ಪೀಠಕ್ಕೆ ತಾಗಿಸಿಲ್ಲ. ಗುರುಗಳ ಮರ್ಯಾದೆ ಗುರುಗಳಿಗೆ, ಹೆಂಡತಿಯ ಮರ್ಯಾದೆ ಹೆಂಡತಿಗೆ. ಎರಡನ್ನೂ ಉಳಿಸಿದ್ದ ಮಹಾರಾಯ, ಅವಳಿಗೂ ಹೇಳದೆ.

"ಬದುಕಿದ್ದಾಗ ಅವರೇ ಇಡದೆ ಇದ್ದಿದ್ದನ್ನ ನಾವು ಇಡೋದು ಬೇಡ ಮೇಷ್ಟ್ರೇ," ಎಂದಳು. ಕೊಳಲನ್ನು ಮೆಲ್ಲಗೆ ಹೊರಗೆಳೆದು ಜರಿಯ ಚೀಲಕ್ಕೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಪೀಠಕ್ಕೆ ಇದೇ ಚೆಂದ. ಬೇಜಾರ್ ಮಾಡ್ಕೋಬೇಡ ವಿಲೈ."

ಮೇಷ್ಟ್ರು ಕೈಮುಗಿದು ತೆಗೆದುಕೊಂಡರು. ಚೆಮ್ ಮುಖ ಗಂಟಿಕ್ಕಿದಳು.

"ಆಹಾ, ಎಲ್ಲ ನೀನೇ ತೀರ್ಮಾನ ಮಾಡ್ಬಿಡು! ಅಜ್ಜಿ ಶಾಲು ನಮ್ಮ ಮನೇದು. ಪೀಠಕ್ಕೆ ಬೇಡವಾದ್ರೆ ನನಗೆ ಕೊಡು, ನಾನು ದೇವರ ಮುಂದೆ ಇಟ್ಕೋತೀನಿ."

"ಬೇಡ ಅತ್ತಿಗೆ."

"ಯಾಕೆ ಬೇಡ? ಏನು ಮುಚ್ಚಿಡ್ತಿದ್ದೀಯ?"

ಅಷ್ಟರಲ್ಲಿ ಹೊರಗೆ ಮೇಳ ಶುರುವಾಯಿತು. ಪೆಟ್ಟಿಗೆಯನ್ನು ಎತ್ತಿದರು. ಮೇರು ಎನ್ನುವ ಎತ್ತರದ ದಹನಮಂಟಪಕ್ಕೆ ಎಡದಿಂದ ಮೂರು ಸುತ್ತು. ಬಿಸಿಲಿಗೆ ಲಮಾಯಳ ಕಣ್ಣು ಕತ್ತಲೆಗೂಡುತ್ತಿತ್ತು. ಚೆಮ್ ಅವಳ ಪಕ್ಕದಲ್ಲೇ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಅವಳ ಕೈಯಲ್ಲಿದ್ದ ಚೀಲವನ್ನೇ ಕಾಯುತ್ತ ನಡೆದಳು. ವಿಲೈಯ ಕಪ್ಪು ಚೀಲದಲ್ಲಿ ಯಾರೋ ಆಗಲೇ ಕೊಡೆ ತುಂಬಿಸಿ ಹೆಗಲಿಗೆ ಹಾಕಿಕೊಂಡಿದ್ದರು.

ಮೇರುವಿನ ಮೆಟ್ಟಿಲು ಹತ್ತಿದ ಮೇಲೆ ವಿಹಾರದ ಆಳು ಪೆಟ್ಟಿಗೆಯ ಮುಚ್ಚಳ ತೆಗೆದ. ಎಳನೀರಿನಲ್ಲಿ ಮುಖ ತೊಳೆದು ಕಳಿಸುವುದು ಕೊನೆಯ ಕೆಲಸ. ಲಮಾಯ್ ಎರಡು ಹೆಜ್ಜೆ ಮುಂದಿಟ್ಟಳು, ಚೀಲವನ್ನು ಅವನ ಪಕ್ಕಕ್ಕೆ ಸರಿಸೋಣವೆಂದು. ಚೆಮ್ ಗಪ್ಪನೆ ಹಿಡಿದಳು.

"ಬೆಂಕಿಗಾ? ಅಜ್ಜಿ ಶಾಲನ್ನ ಬೆಂಕಿಗೆ ಹಾಕ್ತೀಯಾ?"

"ಎಳೀಬೇಡಿ, ಹರಿಯುತ್ತೆ ಅತ್ತಿಗೆ!"

ಮಾತು ಬಾಯಿಂದ ಬಿದ್ದದ್ದೇ ಲಮಾಯಳಿಗೆ ಅಂಗಳದ ಆ ಎತ್ತರದ ಹಗ್ಗ ನೆನಪಾಯಿತು. ಕೈ ತಾನಾಗಿ ಸಡಿಲವಾಯಿತು. ಚೀಲ ಚೆಮ್‌ಳ ಕೈಗೆ ಹೋಯಿತು. ಎಳೆದ ರಭಸಕ್ಕೆ ಅದರ ಬಾಯಿ ಮಗುಚಿ ಒಳಮೈ ಹೊರಬಂದಿತ್ತು. ಬಿಸಿಲನ್ನೇ ಕಾಣದ ಕೆಂಪು, ನಿನ್ನೆ ಮಗ್ಗದಿಂದ ಇಳಿಸಿದಷ್ಟು ಹೊಸದು. ಸಾಲು ಹಕ್ಕಿಗಳು. ಎರಡು ಹಕ್ಕಿಗಳ ನಡುವೆ ಹಳದಿ ದಾರದ ತೇಪೆ.

ಚೆಮ್ ತೇಪೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆ ಬದಿಯಿಂದ ಈ ಬದಿಗೆ, ಮತ್ತೆ ಆ ಬದಿಗೆ. ಹೆಂಗಸಿನ ಪಾಸಿನ್ ತಮ್ಮನ ಕೊರಳಲ್ಲಿ, ಅವನ ಜೀವಮಾನವೆಲ್ಲ. ಇನ್ನೇನು ನೆಲಕ್ಕೆ ಎಸೆಯುತ್ತಾಳೆ ಎಂದು ಲಮಾಯ್ ಕಣ್ಣು ಮುಚ್ಚಿದಳು. ಕೆಳಗೆ ಊರೆಲ್ಲ ಚಿತೆಗಿಡುವ ಗಂಧದ ಹೂ ಹಿಡಿದು ನಿಂತಿತ್ತು.

"ನಾನು ಹರಿದಿದ್ದು," ಎಂದಳು ಚೆಮ್, ಲಮಾಯಳಿಗೆ ಮಾತ್ರ ಕೇಳುವಷ್ಟು. "ಇದನ್ನ ಹಾಕ್ಕೊಂಡೇ ಇದ್ನಲ್ಲೇ ಕಳ್ಳ. ನನ್ನ ಕಣ್ಣೆದುರಿಗೇ. ಒಂದು ಮಾತು ಅನ್ನಲಿಲ್ಲ ನನಗೆ."

"ಅವರಿಗೆ ನೀವಂದ್ರೆ ಪ್ರಾಣ ಅತ್ತಿಗೆ."

"ಗೊತ್ತು ಕಣೇ. ಅದಕ್ಕೇ ಹೊಟ್ಟೆ ಉರಿಯೋದು."

ಆಳು ಎಳನೀರು ಕೆತ್ತಿ ಕೊಟ್ಟ. ಇಬ್ಬರೂ ಸೇರಿ ಸುರಿದರು. ಹಣೆ, ಕಣ್ಣು, ಕೊಳಲು ಊದಿ ಊದಿ ಒಂದು ಮಗ್ಗುಲಿಗೆ ದಪ್ಪಗಾದ ತುಟಿ. ಲಮಾಯ್ ಚೀಲಕ್ಕೆ ಕೈ ಚಾಚಿದಳು, ಅವನ ಕಾಲ ಬಳಿ ಇಟ್ಟುಬಿಡೋಣ, ಅಲ್ಲಾದರೆ ಯಾರೂ ತಪ್ಪು ಹುಡುಕುವುದಿಲ್ಲ ಎಂದು.

"ಅಲ್ಲಲ್ಲ," ಎಂದಳು ಚೆಮ್. ಚೀಲವನ್ನು ಪೂರ್ತಿ ಒಳಗು ಹೊರಗಾಗಿ ತಿರುಗಿಸಿ, ಉಗುರಿನಿಂದ ಮಡಿಕೆ ಸರಿಮಾಡಿ ಅವಳ ಕೈಗೆ ಕೊಟ್ಟಳು. ಆಮೇಲೆ ಬಾಗಿ, ಎರಡೂ ಕೈಯನ್ನು ತಮ್ಮನ ತಲೆಯಡಿ ತೂರಿಸಿ, ಮಗುವಿಗೆ ನೀರು ಹಾಕುವಾಗ ಎತ್ತುವ ಹಾಗೆ ಎತ್ತಿ ಹಿಡಿದಳು.

"ಬೇಗ ಇಡೇ, ಕೈ ಸೋಲುತ್ತೆ. ಹಕ್ಕಿ ಮೇಲೆ ಬರಲಿ."

ಲಮಾಯ್ ಇಟ್ಟಳು. ಚೆಮ್ ತಲೆಯನ್ನು ಮೆಲ್ಲಗೆ ಅದರ ಮೇಲೆ ಇಳಿಸಿದಳು. ನರೆತ ಕೂದಲಿನಿಂದ ಎಳನೀರು ಜಾರಿ ಅಂಚಿಗೆ ತಾಗಿತು, ಕೆಂಪು ಇನ್ನಷ್ಟು ಕೆಂಪಾಯಿತು.