ಸೂಸನ್ನಾಳ ಹೆಸರು ಬಿಟ್ಟದ್ದು

ಮಾಸ್ಕಿನೊಳಗೆ ತನ್ನದೇ ಉಸಿರು, ಬೆಳಗಿನ ಏಲಕ್ಕಿ ಚಹಾದ ವಾಸನೆ, ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ವೃದ್ಧಾಶ್ರಮದ ಕಿಟಕಿಯಾಚೆ ಹನ್ನೆಕೆಯಮ್ಮ, ಈಚೆ ಹೂವಿನ ಪಾತಿಯಲ್ಲಿ ಅಕೀಲಾ, ಇಬ್ಬರ ಕಿವಿಯಲ್ಲೂ ಫೋನು, ಕೊರೊನಾ ಬಂದ ಮೇಲೆ ಭೇಟಿಯೆಂದರೆ ಇಷ್ಟೇ, ಹತ್ತು ನಿಮಿಷ. ಪಕ್ಕದ ಮನೆಯಲ್ಲಿದ್ದಾಗ ಅಕೀಲಾಳಿಗೆ ಡಚ್ ಮಾತು ಕಲಿಸಿದ ಹನ್ನೆಕೆಯಮ್ಮ, ನನ್ನ ತಾಯಿಯ ಕಡೆಯವರು ಇಂಗ್ಲೆಂಡಿನ ಒಬ್ಬ ಪಾದ್ರಿಯ ವಂಶವಂತೆ, ಹುಡುಕಿ ಕೊಡ್ತೀಯಾ ಮಗಳೇ ಎಂದು ಕೇಳಿದ್ದರು, ಅಷ್ಟಕ್ಕೆ ಎರಡು ತಿಂಗಳು ಲ್ಯಾಪ್‌ಟಾಪಿನಲ್ಲಿ ಹಳೆಯ ಉಯಿಲುಗಳು, ಚರ್ಚಿನ ಜನನ ಮರಣದ ದಾಖಲೆಗಳು, ಇರುವೆ ಸಾಲಿನಂಥ ಅಕ್ಷರ, ಪಾದ್ರಿ ಸಾಹೇಬ್ರ ಸಂಸಾರ ಮುಗೀತೇನು, ಈ ಬಡ ಗಂಡಗ ಒಂದ್ ಕಪ್ ಚಾ ಸಿಗ್ತದೇನು ಅಂತ ಇಕ್ಬಾಲ್ ರೇಗಿಸುತ್ತಿದ್ದ. ಕೊನೆಗೆ ಸಿಕ್ಕಿತು ಪಾದ್ರಿಯ ಉಯಿಲು, ನನ್ನ ಹಕ್ಕಿಗರಿ ತುಂಬಿದ ಹಾಸಿಗೆ ಅಡುಗೆಯವಳು ಸೂಸನ್ನಾಳಿಗೆ, ನನ್ನ ಗಡಿಯಾರ ಅವಳಲ್ಲಿ ನನಗೆ ಹುಟ್ಟಿದ ಮಗಳು ಆನ್‌ಗೆ, ಹನ್ನೆಕೆಯಮ್ಮನ ಬಳ್ಳಿ ಹಬ್ಬಿದ್ದು ಆ ಆನ್‌ಳಿಂದಲೇ, ನೋಡುತ್ತಿದ್ದಂತೆ ಅಕೀಲಾಳ ಕೈ ಅವಳ ಅಪ್ಪನ ಅಪ್ಪ ದಾದಾನ ಕೈಯಾಯಿತು, ಕೊಪ್ಪಳದ ಮನೆಯಲ್ಲಿ ಅತ್ತೆಯ ನಿಕಾಹಿನ ಮಾತುಕತೆಗೆಂದು ದಾದಾ ಶಜ್ರಾ, ಅಂದರೆ ವಂಶವೃಕ್ಷ, ಬರೆದಾಗ ನಿಕಾಹಿಲ್ಲದ ತಮ್ಮ ಅಜ್ಜಿಯನ್ನು ಬಿಟ್ಟು ಆ ಜಾಗದಲ್ಲಿ ಅಜ್ಜನ ನಿಕಾಹಾದ ಹಿರಿಯ ಬೀಬಿಯನ್ನು ಕೂರಿಸಿದ್ದರು, ಯಾಕ್ ದಾದಾ ಎಂದಿದ್ದಳು ಪುಟ್ಟ ಅಕೀಲಾ, ಸುಮ್ನಿರವಾ, ಮನಿತನದ ಮಾನ ಮುಚ್ಚಿದರ ಸವಾಬ್ ಬರ್ತದ, ಪುಣ್ಯ ಬರ್ತದ. ಅಕೀಲಾಳೂ ಸೂಸನ್ನಾಳನ್ನು ಬಿಟ್ಟಳು, ಪಾದ್ರಿಯ ಹೆಂಡತಿ ಎಲಿಜಬೆತ್‌ಳನ್ನು ಕೂರಿಸಿದಳು, ದಪ್ಪ ಹಾಳೆಯಲ್ಲಿ ಚೆಂದಾಗಿ ಬರೆದು ಅಂಚೆಗೆ ಹಾಕಿದಳು, ಬಿಸ್ಮಿಲ್ಲಾ ಹೇಳಿಯೇ, ಯಾ ಅಲ್ಲಾ, ನಿನ್ನ ಹೆಸರು ಹೇಳಿಯೇ. ಹಾಳೆ ಓದಿದೆ ಅಕೀಲಾ, ಈಗ ಫೋನಿನಲ್ಲಿ ಹನ್ನೆಕೆಯಮ್ಮನ ಸಣ್ಣ ದನಿ, ಎಲ್ಲರೂ ಮದುವೆಯಾದವರೇ, ಎಷ್ಟು ಮಾನವಂತರು ನೋಡು, ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಮದುವೆಯಿಲ್ಲದೆ ಹಡೆದೆ, ಮಗುವಿನ ಮುಖ ತೋರಿಸದೆ ಒಯ್ದರು, ಹಿಂದೆ ಎಲ್ಲಾದರೂ ನನ್ನಂಥ ಇನ್ನೊಬ್ಬಳು ಇದ್ದಾಳೇನೋ ಅಂತ ನಿನ್ನಿಂದ ಹುಡುಕಿಸಿದೆ, ಇಲ್ಲ, ನಾನೊಬ್ಬಳೇ, ಇರಲಿ ಬಿಡು. ಒಂದು ಪುಟ್ಟ ನಗು. ಹೇಳು, ಈಗಲೇ ಹೇಳು, ಎನ್ನುತ್ತದೆ ಅಕೀಲಾಳ ಮನಸ್ಸು, ಇದ್ದಾಳಮ್ಮಾ, ನಾನೇ ಮುಚ್ಚಿಟ್ಟೆ, ಆದರೆ ಆಮೇಲೆ ಆ ಕಣ್ಣುಗಳನ್ನು ಹೇಗೆ ನೋಡುವುದು, ನರ್ಸ್ ಬಂದು ಗಾಲಿಕುರ್ಚಿಯ ಹಿಡಿ ಹಿಡಿಯುತ್ತಾಳೆ, ಹನ್ನೆಕೆಯಮ್ಮ ವಿದಾಯಕ್ಕೆಂದು ಅಂಗೈ ಗಾಜಿಗೊತ್ತುತ್ತಾರೆ, ಕುರ್ಚಿ ತಿರುಗಿತು, ಗಾಜಿನ ಮೇಲೆ ಹಬೆಯ ಐದು ಬೆರಳು, ಹೇಳು, ಐದು ಬೆರಳು, ಫೋನು ಕಟ್ಟಾಯಿತು, ಒಳಬದಿಯಲ್ಲಿ, ಅಕೀಲಾಳ ಕೈಗೆಟುಕದ ಬದಿಯಲ್ಲಿ, ಐದು ಬೆರಳು