ಕೆಳಗಿಳಿಸಿದ ಸಾಲು

ಕಿವಿ ಡಾಕ್ಟರು ಸಣ್ಣ ಟಾರ್ಚನ್ನು ಆರಿಸಿ, ಚಿಕ್ಕಮ್ಮನ ಎಡಗಿವಿಯಿಂದ ಹಿಂದೆ ಸರಿದು, ಎಷ್ಟು ದಿನವಾಯಿತು ಎಂದು ಕೇಳಿದರು. ಹತ್ತೊಂಬತ್ತು ದಿನ ಎಂದಳು ಚಿಕ್ಕಮ್ಮ. ಒಂದು ಬೆಳಗ್ಗೆ ಎದ್ದಾಗ ಕಿವಿಗೆ ಹತ್ತಿ ತುರುಕಿದ ಹಾಗಿತ್ತು, ಆಮೇಲೆ ಗುಂಯ್‌ ಅನ್ನಲು ಶುರುವಾಯಿತು, ನೋವೇನೂ ಇರಲಿಲ್ಲ. ಮತ್ತೆ ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದಕ್ಕೆ ಅವಳ ಬಳಿ ಉತ್ತರ ಸಿದ್ಧವಿತ್ತು. ಚೀಲದಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ಕೇಳಿಯೇ ಸುಮ್ನಿದ್ದದ್ದು ಡಾಕ್ಟ್ರೇ. ಕಂಡಕಂಡೋರ ಮಾತು ನಂಬೋಳಲ್ಲ ನಾನು. ಎಲ್ಲಕ್ಕಿಂತ ಮೇಲೆ ಬರೋದನ್ನೇ ನಂಬಿದ್ದು."

ಜೊತೆಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಮಗಳಿಗೆ ಫೋನಿನ ಪರದೆ ತಲೆಕೆಳಗಾಗಿ ಕಂಡಿತು. ಹಾಗೆ ಕಂಡರೂ ಗುರುತು ಸಿಕ್ಕಿತು. ತಿಳಿಹಸಿರು ತಲೆಬರಹ, ಬಿಳಿ ಕೋಟು ತೊಟ್ಟ ನರೆಮೀಸೆಯ ತಜ್ಞ, ಕೆಳಗೆ 'ಇಪ್ಪತ್ತೆರಡು ವರ್ಷಗಳ ಅನುಭವ'. ಬರೀ ಇಪ್ಪತ್ತೆಂದರೆ ಸುಳ್ಳಿನ ಹಾಗೆ ಕಾಣುತ್ತದೆಂದು ಆ ಎರಡನ್ನು ಸೇರಿಸಿದವಳು ಅವಳೇ.

ಅವಳ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಆರು ಜನ, ಒಂದೇ ಕಿಟಕಿ. ಬೇರೆಯವರ ವೆಬ್‌ಸೈಟುಗಳನ್ನು ಹುಡುಕಾಟದ ಪಟ್ಟಿಯಲ್ಲಿ ಮೇಲಕ್ಕೆ ತರುವುದು ಅವರ ಕಸುಬು. ಯಾವುದನ್ನು ಮೇಲಿಡಬೇಕು, ಯಾವುದನ್ನು ಕೆಳಗೆ ತಳ್ಳಬೇಕು ಎಂಬ ಗುಟ್ಟನ್ನು ಹುಡುಕುಯಂತ್ರದವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಇವರು ಚಿಹ್ನೆ ನೋಡಿ ಊಹಿಸುತ್ತಿದ್ದರು: ಬರೆದವನು ತಿಳಿದವನೆಂದು ಕಂಡರೆ ಒಳ್ಳೆಯದು, ಬಂದವನು ಹೆಚ್ಚು ಹೊತ್ತು ನಿಂತರೆ ಇನ್ನೂ ಒಳ್ಳೆಯದು. ದಿನಾ ಬೆಳಗ್ಗೆ "ಇವತ್ತು ನಾಲ್ಕನೇದು, ಸಂಜೆಗೆ ಇಳಿಯೋ ಸಂಭವ" ಎಂದು ವರದಿ ಒಪ್ಪಿಸುವ ಮುಖ್ಯಸ್ಥನಿಗೆ ಹವಾಮಾನ ಎಂದು ಹೆಸರಿಟ್ಟಿದ್ದರು. ಎಂಥ ಪುಟವನ್ನಾದರೂ ಮೇಲೇರಿಸುವ ಇವಳಿಗೆ ಏಣಿ ಎಂದು. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟವಿತ್ತು.

ಕಿವಿಯ ಪುಟ, ಕಿವಿಗೆ ಹಾಕುವ ಹನಿಮದ್ದು ಮಾರುವವರದ್ದು. ಮೊದಲು ಅವಳು ಅದನ್ನು ಸರಿಯಾಗಿಯೇ ಬರೆದಿದ್ದಳು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಎರಡು ದಿನದೊಳಗೆ ಡಾಕ್ಟರಿಗೆ ತೋರಿಸಿ ಎಂಬುದು ಅದರ ಮೊದಲ ಸಾಲು. ಓದಿದವರು ಆ ಸಾಲನ್ನು ಓದಿ ಪುಟ ಮುಚ್ಚಿ ಹೋಗುತ್ತಿದ್ದರು. ಬಹುಶಃ ಡಾಕ್ಟರ ಬಳಿಗೇ ಹೋಗುತ್ತಿದ್ದರು. ಯಾರೂ ಒಳಗೆ ನಿಲ್ಲದೆ ಪುಟ ಏಳನೆಯ ಜಾಗದಲ್ಲಿ ಕೊಳೆಯಿತು. ಬಾಗಿಲಲ್ಲೇ ಹೊರಡಿ ಅಂತ ಬೋರ್ಡು ಹಾಕಿದರೆ ಒಳಗೆ ಬರುವವರು ಯಾರು ಎಂದು ಹವಾಮಾನ ನಕ್ಕಿದ್ದ. ಆ ಸಾಲು ತೆಗೆ ಎಂದು ಅವನು ಹೇಳಿರಲಿಲ್ಲ. ಅವಳೂ ತೆಗೆಯಲಿಲ್ಲ. ಪುಟದ ಕಟ್ಟಕಡೆಗೆ, ಎಲ್ಲ ಮನೆಮದ್ದುಗಳೂ ಮುಗಿದ ಮೇಲೆ ಇಳಿಸಿದಳು. ಮೇಲೆ ಹೊಸದೊಂದು ಬರೆದಳು: 'ಗಾಬರಿ ಬೇಡ, ಸಾಮಾನ್ಯವಾಗಿ ಮೂರು ವಾರದಲ್ಲಿ ತಾನಾಗಿ ಸರಿಹೋಗುತ್ತದೆ.' ಮೂರು ವಾರವೇ ಯಾಕೆಂದರೆ ಹನಿಮದ್ದಿನ ಸೀಸೆ ಅಷ್ಟು ದಿನಕ್ಕೆ ಬರುತ್ತಿತ್ತು.

ಹನ್ನೊಂದನೆಯ ದಿನ ಪುಟ ಮೊದಲನೆಯದಾಯಿತು. ಅದೇ ತಿಂಗಳು ಹೊಸ ಸೌಲಭ್ಯವೊಂದು ಬಂತು. ಬಾಯಲ್ಲಿ ಕೇಳಿದರೆ ಸಾಕು, ಮೇಲಿರುವ ಪುಟದ ಮೊದಲ ಸಾಲುಗಳನ್ನು ಹೆಕ್ಕಿ ಫೋನೇ ಇಂಪಾಗಿ ಓದಿ ಹೇಳುತ್ತಿತ್ತು. ಪುಟ ತೆರೆಯುವ ಗೋಜೇ ಇಲ್ಲ. ತನ್ನ ವಾಕ್ಯ ಹಾಗೆ ಹೆಣ್ಣುದನಿಯಲ್ಲಿ ಹೊರಬಂದಾಗ ಏಣಿ ಇಡೀ ಆಫೀಸಿಗೆ ಕೇಳಿಸಿದ್ದಳು. ಹೊಲಿಗೆ ಯಂತ್ರದ ಮುಂದೆ ಕೈ ಬಿಡುವಿಲ್ಲದ ಚಿಕ್ಕಮ್ಮನೂ ಕೇಳಿಸಿಕೊಂಡದ್ದು ಅದನ್ನೇ.

ಡಾಕ್ಟರು ಹೆಬ್ಬೆರಳಿನಿಂದ ಪುಟವನ್ನು ತಳ್ಳುತ್ತ ತಳ್ಳುತ್ತ ಕೊನೆ ಮುಟ್ಟಿದರು. ಮೊದಲ ವಾರದಲ್ಲಿ ಬಂದಿದ್ದರೆ ಮಾತ್ರೆಗೆ ಕಿವಿ ಮರಳುವ ಸಾಧ್ಯತೆ ಚೆನ್ನಾಗಿತ್ತು, ಈಗಲೂ ಕೊಡುತ್ತೇನೆ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಬಳಿಕ ಪರದೆಯನ್ನು ಚಿಕ್ಕಮ್ಮನ ಕಡೆ ತಿರುಗಿಸಿದರು.

"ಇಲ್ಲೇ ಬರೆದಿದ್ದಾರಲ್ಲಮ್ಮ, ಎರಡು ದಿನದಲ್ಲಿ ತೋರಿಸಿ ಅಂತ."

ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು. ಕುತ್ತಿಗೆಯವರೆಗೂ ಕೆಂಪಾದಳು.

"ಹೌದಲ್ಲ. ಪಾಪ, ಅವರು ಹೇಳಿದಾರೆ. ಪೂರ್ತಿ ನೋಡದೆ ಇದ್ದದ್ದು ನನ್ನ ತಪ್ಪು."

ಬಾಗಿಲ ಪಕ್ಕದ ಕುರ್ಚಿಯವಳು ಚೀಲ ಎತ್ತಿಕೊಂಡು ಎದ್ದಳು. ಬಸ್ಸಿನಲ್ಲಿ, ನಿನ್ನ ಒಂದು ದಿನದ ರಜೆ ತಿಂದುಹಾಕಿದೆನಲ್ಲ ಮಗಳೇ ಎಂದು ಚಿಕ್ಕಮ್ಮ ನೊಂದುಕೊಂಡಾಗ, ಇವಳು ಕಿಟಕಿಯಾಚೆ ನೋಡುತ್ತ ಪರವಾಗಿಲ್ಲ ಎಂದಳು. ಪರವಾಗಿಲ್ಲ ಎಂದ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಅದಾಗಿ ನಾಲ್ಕು ದಿನ ಮಾತ್ರೆಯ ನೆಪದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಬಂದಳು. ಚಿಕ್ಕಮ್ಮ ಎಡಗಿವಿಯಿಂದಲೇ ಯಂತ್ರದ ಲಯ ಹಿಡಿಯುತ್ತಿದ್ದವಳು. ದಪ್ಪ ಬಟ್ಟೆಯಲ್ಲಿ ಸೂಜಿ ಮುರಿಯುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಈಗ ದಿನಕ್ಕೆರಡು ಸೂಜಿ ಮುರಿಯುತ್ತಿದ್ದವು. ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ಅವಳು ತನ್ನ ದಡ್ಡತನವನ್ನು ನಗುತ್ತ ಹೇಳಿಕೊಳ್ಳುತ್ತಿದ್ದಳು: ಅಕ್ಷರ ಬರುತ್ತೆ ಅಂತ ಜಂಬ ಬೇರೆ ನನಗೆ, ಕೊನೇ ಸಾಲು ಓದೋಕೆ ಸೋಮಾರಿತನ. ಅವರು ಇನ್ನು ಮೇಲಾದರೂ ಪೂರ್ತಿ ಓದಿ ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಆಫೀಸಿನಲ್ಲಿ ಏಣಿ ಆ ಪುಟವನ್ನು ಎರಡು ಸಲ ತೆರೆದು, ಕೈ ಹಾಕದೆ ಮುಚ್ಚಿದಳು. ಅದು ಇನ್ನೂ ಮೊದಲನೆಯ ಜಾಗದಲ್ಲಿತ್ತು.

ಐದನೆಯ ದಿನ ಮಧ್ಯಾಹ್ನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ತನ್ನ ಕಾಲ್ಬೆರಳನ್ನು ನೋಡುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ತಲೆಯೆತ್ತಿದರೆ ಚಿಕ್ಕಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು. ತಾನು ಕೂತದ್ದು ಅವಳ ಎಡಗಡೆ ಎಂದು ಆಗ ಹೊಳೆಯಿತು. ಎದ್ದು ಮನೆಗೆ ಹೋಗಿಬಿಡಬಹುದಿತ್ತು. ಹೇಳಿದ್ದೇನೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳಬಹುದಿತ್ತು. ಸ್ಟೂಲನ್ನು ಎತ್ತಿಕೊಂಡು ಬಲಗಡೆಗೆ ಬಂದಳು.

"ಚಿಕ್ಕಮ್ಮ, ಆ ಪುಟ ಬರೆದಿದ್ದು ನಾನು. ಎರಡು ದಿನದ ಸಾಲು ಮೊದಲು ಮೇಲೇ ಇತ್ತು. ಅದನ್ನ ಕೆಳಗೆ ಹಾಕಿದ್ದೂ ನಾನೇ."

ಚಿಕ್ಕಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಆ ಮೀಸೆಯವರು?"

"ಯಾರೂ ಅಲ್ಲ. ಎಲ್ಲಿಂದಲೋ ತಂದ ಫೋಟೋ."

"ಅವರಿಗೆ ನಮಸ್ಕಾರ ಅಂತ ಬರೆಯೋಣ ಅಂದ್ಕೊಂಡಿದ್ದೆ," ಎಂದಳು ಚಿಕ್ಕಮ್ಮ. "ಆ ಸಾಲು ಈಗ ಎಲ್ಲಿದೆ?"

"ಕೆಳಗೇ."

"ನಾನು ಡಾಕ್ಟ್ರ ಹತ್ರ ಹೋಗಿ ಐದು ದಿನ ಆಯ್ತು."

ನನ್ನೆದುರಿಗೇ ಎತ್ತಿಡು ಎಂದಳು ಚಿಕ್ಕಮ್ಮ. ಏಣಿ ತನ್ನ ಫೋನಿನಲ್ಲೇ ಪುಟದೊಳಕ್ಕೆ ಹೋದಳು. ಸಾಲನ್ನು ಮೇಲೆ ತಂದಳು, ಮೂರು ವಾರದ್ದನ್ನು ಅಳಿಸಿದಳು, ಮೀಸೆಯವನನ್ನೂ ತೆಗೆದಳು. ಅರ್ಧ ನಿಮಿಷ ಹಿಡಿಯಲಿಲ್ಲ. ಚಿಕ್ಕಮ್ಮ ಫೋನನ್ನು ಕೈಗೆ ತೆಗೆದುಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ತುಟಿ ಅಲುಗಿಸುತ್ತ, ಒಂದಕ್ಷರ ಬಿಡದೆ ಓದಿದಳು.

"ಇನ್ನು ಯಾರಾದ್ರೂ ಕೇಳಿದ್ರೆ ಫೋನು ಇದನ್ನೇ ಹೇಳುತ್ತಾ?"

"ಸ್ವಲ್ಪ ದಿನ ಹೇಳಬಹುದು. ಆಮೇಲೆ ಜನ ಮೊದಲಿನ ಹಾಗೇ ಓದಿ ಹೊರಟುಹೋಗ್ತಾರೆ. ಪುಟ ಕೆಳಗಿಳಿಯುತ್ತೆ."

"ಆಗ ಮೇಲೆ ಬರೋದು?"

"ಈಗ ಎರಡನೇ ಜಾಗದಲ್ಲಿರೋದು."

"ಅದರಲ್ಲಿ ಏನಿದೆ?"

ಅವಳಿಗೆ ಅದು ಬಾಯಿಪಾಠವಾಗಿತ್ತು. ತನ್ನ ಪುಟ ಮೇಲೇರಿದ್ದನ್ನು ಕಂಡು ಬೇರೆ ಯಾರೋ ಸಾಲಿಗೆ ಸಾಲು ನಕಲು ಮಾಡಿದ್ದು. ಆಗ ಅವಳಿಗೆ ಹೆಮ್ಮೆಯಾಗಿತ್ತು.

"ನಾನು ಬರೆದಿದ್ದೇ ಇದೆ ಚಿಕ್ಕಮ್ಮ," ಎಂದಳು. "ಕೊನೇ ಸಾಲೊಂದನ್ನ ಅವರು ಬಿಟ್ಟಿದಾರೆ."